ಡ್ರೈಸೂಟ್ ಭುಜದ ವಾಲ್ವ್‌ನಿಂದ ನೀರು ಒಳಗೆ ಬರುತ್ತಿದೆ, ನಾನೇ ಬಿಚ್ಚಬಹುದಾ?

ಉಕ್ಕಿನೂರ ಹುಡುಗ (ಲೆಸ್ಟರ್)

ಎಲ್ಲರಿಗೂ ನಮಸ್ಕಾರ. ತಣ್ಣೀರಿನಲ್ಲಿ ಡೈವ್ ಮಾಡುವ ಕನ್ನಡದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ.

ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ದೋಣಿ, ಬೆಚ್ಚನೆ ನೀರು, ತೆಳು ವೆಟ್‌ಸೂಟ್ ಹಾಕಿ ಧುಮುಕಿದರೆ ಆಯಿತು. ವಾಲ್ವ್ ಗೀಲ್ವ್ ತಲೆನೋವೇ ಇರಲಿಲ್ಲ. ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದ ಮೇಲೆ ಸ್ಟೋನಿ ಕೋವ್‌ಗೆ ಹೋಗುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಅದು ಹಳೇ ಗ್ರಾನೈಟ್ ಕ್ವಾರಿ, ಈಗ ನೀರು ತುಂಬಿದೆ, ತೀರಾ ಆಳದ ಕಡೆ 36 ಮೀಟರ್ ಹತ್ತಿರ. ಇಲ್ಲಿ ವೆಟ್‌ಸೂಟ್‌ನಲ್ಲಿ ಇಳಿದರೆ ಹಲ್ಲು ಉದುರುತ್ತವೆ. ಹಾಗಾಗಿ ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಡ್ರೈಸೂಟ್ ತೆಗೆದುಕೊಂಡೆ, ಅಂದರೆ ನೀರು ಒಳಗೆ ಬಿಡದ, ಒಳಗೆ ಗಾಳಿ ತುಂಬಿಕೊಳ್ಳುವ ಡೈವಿಂಗ್ ಉಡುಪು. ಟ್ರೈಲ್ಯಾಮಿನೇಟ್ ಅನ್ನುವ ಮೂರು ಪದರದ ಬಟ್ಟೆ, ಕುತ್ತಿಗೆಗೂ ಮಣಿಕಟ್ಟಿಗೂ ನೀರು ತಡೆಯುವ ಲೇಟೆಕ್ಸ್ ರಬ್ಬರ್ ಸೀಲ್‌ಗಳು. ಎದೆ ಮೇಲೆ ಗಾಳಿ ತುಂಬುವ ವಾಲ್ವ್, ಎಡ ತೋಳಿನ ಮೇಲ್ಭಾಗದಲ್ಲಿ ಗಾಳಿ ಬಿಡುವ ವಾಲ್ವ್.

ಹೋದ ಭಾನುವಾರ ನೀರು 7 ಡಿಗ್ರಿ. 40 ನಿಮಿಷ ಕೆಳಗಿದ್ದೆ. ಮೇಲೆ ಬಂದು ಸೂಟ್ ಬಿಚ್ಚಿದರೆ ಎಡ ಭುಜದಿಂದ ಪಕ್ಕೆಲುಬಿನ ತನಕ ಒಳ ಉಡುಪು ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಬಲಗಡೆ ಖಡಕ್ ಒಣ. ಭುಜದ ವಾಲ್ವ್ ಕೆಟ್ಟಿದೆ ಅಂತ ನನ್ನ ಲೆಕ್ಕ. ಅಂಗಡಿಯವರು ಕಳಿಸಿಕೊಡಿ, ಮೂರು ವಾರ ಆಗುತ್ತೆ ಅಂದರು. ಮೂರು ವಾರ!

ನಮ್ಮಪ್ಪ ಭದ್ರಾವತಿಯಲ್ಲಿ ಕಾರ್ಖಾನೆ ಗೇಟ್ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದರು. ಶಿಫ್ಟ್ ಬಿಡುವ ಹೊತ್ತಿಗೆ ಸಾಲು ಸಾಲು ಪಂಕ್ಚರ್. ಹತ್ತನೇ ಕ್ಲಾಸಿನ ತನಕ ವಾಲ್ವ್ ಟ್ಯೂಬ್ ಬದಲಾಯಿಸಿಕೊಂಡೇ ಬೆಳೆದವನು ನಾನು. ಇದನ್ನು ಬಿಚ್ಚಿ ನೋಡುವ ಧೈರ್ಯ ಇದೆ. ಬಿಚ್ಚಬಹುದಾ?

ಇನ್ನೊಂದು ಚಿಕ್ಕ ವಿಷಯ. ಎದೆ ಮೇಲಿನ ಬಟನ್ ಕೂಡ ಸ್ವಲ್ಪ ಬಿಗಿ. ಮನೆಯಲ್ಲಿ ಒತ್ತಿದರೆ ಸರಿಯಾಗೇ ಇರುತ್ತದೆ, ನೀರಿಗೆ ಇಳಿದ ಮೇಲೆ ಒತ್ತಿದರೆ ನಿಧಾನಕ್ಕೆ ವಾಪಸ್ ಬರುತ್ತದೆ. ಅದೇನು ಅಷ್ಟು ತೊಂದರೆ ಕೊಟ್ಟಿಲ್ಲ.

ನೇತ್ರಾಣಿ ಬಬಲ್ಸ್ (ಮುರುಡೇಶ್ವರ)

ನಮ್ಮ ಕಡೆ ಡ್ರೈಸೂಟ್ ಯಾರೂ ಹಾಕುವುದಿಲ್ಲ, ಹಾಕಿದರೆ ದೋಣಿಯಲ್ಲೇ ಬೆಂದು ಹೋಗುತ್ತಾರೆ. ಆದರೂ ಒಂದು ಅನುಮಾನ. ಅದು ಬೆವರು ಇರಬಹುದಲ್ವಾ? ಗಾಳಿ ಆಡದ ಸೂಟ್ ಒಳಗೆ ಬೆವರಿ, ಆಮೇಲೆ ತಣ್ಣಗಾದರೆ ಒಳಗೆಲ್ಲ ನೀರು ಕಟ್ಟುತ್ತೆ ಅಂತ ಕೇಳಿದ್ದೇನೆ.

ಶರಾವತಿ ಕಡವು (ಆಬರ್ಡೀನ್)

ಬೆವರು ಎಡಗಡೆ ಮಾತ್ರ ಬರುವುದಿಲ್ಲ ಮಾರಾಯ. ಬೆವರಾದರೆ ಬೆನ್ನು, ಎದೆ ಎಲ್ಲ ಒಂದೇ ಸಮ ತೇವ ಇರುತ್ತದೆ. ಹಿಂಡಿದರೆ ಸುರಿಯುತ್ತದೆ ಅಂದರೆ ಅದು ಹೊರಗಿನ ನೀರೇ.

ಉಕ್ಕಿನೂರ ತಮ್ಮಾ, ನೀನು ದೊಡ್ಡದನ್ನು ಚಿಕ್ಕ ವಿಷಯ ಅಂತ ಕೊನೆಗೆ ಬರೆದಿದ್ದೀಯ. ಭುಜದ ಕಥೆ ಆಮೇಲೆ. ಮೊದಲು ಆ ಬಟನ್.

ನಾನು ಹೊನ್ನಾವರದವ. ಇಲ್ಲಿ ಆಯಿಲ್ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಕೆಲಸವೇ ವಾಲ್ವು, ಗೇಜು. ಆದರೂ ಒಂದು ಸಲ ನನಗೇ ಸರಿಯಾದ ಪಾಠ ಆಗಿದೆ. ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋಗೆ ಒಂದು ವಾರದ ದೋಣಿ ಪ್ರವಾಸ ಹೋಗಿದ್ದೆವು. ಅಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲೆ ಬಂಧಿಯಾಗಿದ್ದ ಜರ್ಮನ್ ಹಡಗುಗಳನ್ನು ಅವರ ನಾವಿಕರೇ 1919ರ ಜೂನ್ 21ರಂದು ಮುಳುಗಿಸಿದರು. ಮುಂದೆ ಹೆಚ್ಚಿನವನ್ನು ಎತ್ತಿ ಗುಜರಿಗೆ ಹಾಕಿದರು, ಏಳು ದೊಡ್ಡ ಹಡಗು ಇನ್ನೂ ತಳದಲ್ಲಿವೆ. ಅದರಲ್ಲೊಂದು ಕೋಲ್ನ್ ಅನ್ನುವ ಕ್ರೂಸರ್, ಮಗ್ಗುಲಾಗಿ ಮಲಗಿದೆ. ಐದನೇ ದಿನ ಅದರ ಪಕ್ಕದಲ್ಲಿ 30 ಮೀಟರ್‌ನಲ್ಲಿದ್ದೆ. ಸೂಟ್ ಬಿಗಿಯಾಯಿತು ಅಂತ ಎದೆ ಬಟನ್ ಒತ್ತಿದೆ. ಬೆರಳು ತೆಗೆದೆ. ಗಾಳಿ ನಿಲ್ಲಲಿಲ್ಲ.

ಐದು ದಿನ ಸಮುದ್ರದಲ್ಲಿ ಡೈವ್ ಮಾಡಿ, ಒಂದು ದಿನವೂ ಸಿಹಿನೀರಿನಲ್ಲಿ ಅದನ್ನು ತೊಳೆದಿರಲಿಲ್ಲ. ಸಂಜೆ ಸೂಟ್ ನೇತುಹಾಕಿ ಊಟಕ್ಕೆ ಹೋಗುವುದು, ಬೆಳಿಗ್ಗೆ ಮತ್ತೆ ಹಾಕಿಕೊಳ್ಳುವುದು. ಬಟನ್ ಸುತ್ತ ಉಪ್ಪು ಹರಳುಗಟ್ಟಿತ್ತು. ಅದೇ ಅಡ್ಡ ಕೂತದ್ದು.

ಸಿಲಿಂಡರಿನಿಂದ ಎದೆ ವಾಲ್ವಿಗೆ ಸಿಕ್ಕಿಸುವ ಪೈಪಿನಲ್ಲಿ ಬರುವ ಗಾಳಿ 9-10 ಬಾರ್ ಒತ್ತಡದ್ದು. ಸೂಟ್ ತುಂಬಲು ಹೊತ್ತು ಬೇಡ. ತುಂಬಿದರೆ ಮೇಲೆ ಹೋಗುತ್ತೀಯ. ಮೇಲೆ ಹೋದಷ್ಟೂ ಒಳಗಿನ ಗಾಳಿ ಹಿಗ್ಗುತ್ತದೆ. 30 ಮೀಟರ್‌ನಲ್ಲಿ 4 ಬಾರ್, 10 ಮೀಟರ್‌ನಲ್ಲಿ 2 ಬಾರ್. ಕೆಳಗೆ ಐದು ಲೀಟರ್ ಇದ್ದದ್ದು ಅಲ್ಲಿಗೆ ಬರುವಾಗ ಹತ್ತು ಲೀಟರ್. ಬಟನ್ ಬಿಟ್ಟರೂ ಅದು ನಿನ್ನನ್ನು ಬಿಡುವುದಿಲ್ಲ. ಪೈಪ್ ಕಿತ್ತು ಹಾಕಬೇಕು ಅಂತ ಗೊತ್ತಿತ್ತು. ದಪ್ಪ ಗ್ಲೌಸ್‌ನಲ್ಲಿ ಪೈಪಿನ ತುದಿಯ ಚಿಕ್ಕ ಕಾಲರ್ ಹಿಂದಕ್ಕೆ ಎಳೆಯಲು ಮೂರು ಸಲ ಜಾರಿತು. ನಾಲ್ಕನೇ ಸಲ ಬಿಟ್ಟುಕೊಂಡಿತು. ಅಷ್ಟರಲ್ಲಿ ಭುಜದ ವಾಲ್ವ್ ಪೂರ್ತಿ ತೆರೆದು ಕೈ ಎತ್ತಿ ಹಿಡಿದಿದ್ದೆ, ಅದು ಗುಡುಗುಡು ಅಂತ ಬಿಡುತ್ತಿತ್ತು. ಆದರೂ ಆರೇಳು ಮೀಟರ್ ಹಾರಿಹೋಗಿದ್ದೆ. ಜೊತೆಗಾರ ಕಾಲು ಹಿಡಿದು ಎಳೆದ.

ಅದಕ್ಕೇ ಹೇಳುವುದು. ಭುಜದ ವಾಲ್ವ್ ಸೋರಿದರೆ ಚಳಿ ಆಗುತ್ತದೆ, ಡೈವ್ ಮುಗಿಸಿ ಮೇಲೆ ಬಂದರೆ ಮುಗಿಯಿತು. ಎದೆ ವಾಲ್ವ್ ಸಿಕ್ಕಿಕೊಂಡರೆ ಜೀವಕ್ಕೆ ಬರುತ್ತದೆ. ನನ್ನ ನಿಯಮ ಇಷ್ಟು: ಭುಜದ್ದನ್ನು ನಾನೇ ನೋಡಿಕೊಳ್ಳುತ್ತೇನೆ, ಎದೆಯದ್ದರ ಹೊಟ್ಟೆ ಒಳಗೆ ಕೈ ಹಾಕುವುದಿಲ್ಲ. ಹೊರಗೆ ತೊಳೆಯುತ್ತೇನೆ, ಒಳಗಿನ ಸ್ಪ್ರಿಂಗ್, ಓ-ರಿಂಗ್ (ರಬ್ಬರ್ ಬಳೆ) ವರ್ಷಕ್ಕೊಮ್ಮೆ ಸರ್ವಿಸ್‌ನವರ ಪಾಲು. ಮೂವತ್ತು ವರ್ಷದಿಂದ ವಾಲ್ವ್ ಬಿಚ್ಚಿದವನೇ ಹೀಗೆ ಹೇಳುತ್ತಿದ್ದೇನೆ. ಧೈರ್ಯದ ಮಾತಲ್ಲ ಇದು.

ಈಗ ಒಂದು ಪ್ರಶ್ನೆ. ಮನೆಯಲ್ಲಿ ಸಲೀಸು, ತಣ್ಣೀರಿನಲ್ಲಿ ಬಿಗಿ ಅಂದೆಯಲ್ಲ. ಕ್ವಾರಿಯದ್ದು ಸಿಹಿನೀರು. ಉಪ್ಪು ಎಲ್ಲಿಂದ ಬಂತು? ಆ ಬಟನ್‌ಗೆ ಏನಾದರೂ ಹಚ್ಚಿದ್ದೀಯಾ? ನಿಜ ಹೇಳು.

ಉಕ್ಕಿನೂರ ಹುಡುಗ (ಲೆಸ್ಟರ್)

ಸಾರ್... ಹಚ್ಚಿದ್ದೇನೆ.

ಕೊಬ್ಬರಿ ಎಣ್ಣೆ.

ನಗಬೇಡಿ. ಬೇಸಿಗೆಯಲ್ಲಿ ಬಟನ್ ಸ್ವಲ್ಪ ಕಿರ್ ಕಿರ್ ಅನ್ನುತ್ತಿತ್ತು. ಮನೆಯಲ್ಲಿ ಇದ್ದದ್ದು ಅದೇ, ಹೆಂಡತಿ ತಲೆಗೆ ಹಚ್ಚುವ ಬಾಟ್ಲಿ. ನಾಲ್ಕು ಹನಿ ಬಿಟ್ಟು ಹತ್ತು ಸಲ ಒತ್ತಿದೆ, ಬೆಣ್ಣೆ ಹಾಗೆ ಆಯಿತು. ಖುಷಿಯಲ್ಲಿ ಭುಜದ ವಾಲ್ವ್‌ಗೂ ಎರಡು ಹನಿ.

ಹುಬ್ಬಳ್ಳಿ ಟು ಟೊರಾಂಟೊ

ಬೆಣ್ಣೆ ಹಾಗೆ ಆಯಿತು ಅಂದಿರಲ್ಲ, ನೀರಿನೊಳಗೆ ನಿಜವಾಗಲೂ ಬೆಣ್ಣೆಯೇ ಆಗಿದೆ ತಮ್ಮಾ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರ್ ಚಳಿಗೇ ಬಾಟ್ಲಿಯಿಂದ ಕಡ್ಡಿ ಹಾಕಿ ತೆಗೀತಿದ್ದೆವು. 7 ಡಿಗ್ರಿ ನೀರಿನಲ್ಲಿ ನಿಮ್ಮ ಬಟನ್ ಮೇಣದೊಳಗೆ ಕೂತಿರುತ್ತದೆ. ಮನೆಗೆ ಬಂದು ಹೀಟರ್ ಪಕ್ಕ ಇಟ್ಟರೆ ಮತ್ತೆ ಕರಗಿ ಸರಿ. ಅದಕ್ಕೇ ನಿಮಗೆ ರೋಗ ಕಂಡಿಲ್ಲ.

ಸೀಲ್‌ಗೂ ಹಚ್ಚಿದ್ದೀರಾ? ಲೇಟೆಕ್ಸ್‌ಗೆ ಎಣ್ಣೆ ಆಗಿಬರುವುದಿಲ್ಲ. ಅಡುಗೆ ಎಣ್ಣೆ, ವ್ಯಾಸಲೀನ್, ತುಕ್ಕಿಗೆ ಹೊಡೆಯುವ ಸ್ಪ್ರೇ, ಯಾವುದೂ ಬೇಡ. ಮೊದಲು ಮೆತ್ತಗಾಗುತ್ತದೆ, ಆಮೇಲೆ ಅಂಟಂಟು, ಕೊನೆಗೆ ಹಾಕಿಕೊಳ್ಳುವಾಗ ಪರ್ ಅಂತ ಹರಿಯುತ್ತದೆ. ನನ್ನ ಕುತ್ತಿಗೆ ಸೀಲ್ ಹರಿದದ್ದು ಇಲ್ಲಿ ಕೆನಡಾದ ಟೊಬರ್ಮೊರಿಯಲ್ಲಿ, ದೋಣಿ ಹೊರಡಲು ಹತ್ತು ನಿಮಿಷ ಇದ್ದಾಗ. ನಾನು ಹಚ್ಚಿದ್ದು ಸನ್‌ಸ್ಕ್ರೀನ್, ಕುತ್ತಿಗೆಗೆ. ಅಷ್ಟೇ ಸಾಕಾಯಿತು ಅದಕ್ಕೆ.

ಇನ್ನೊಂದು, ಒಳಗೆ ಏನು ಹಾಕಿಕೊಳ್ಳುತ್ತೀರಿ? ನನ್ನದು ಉಲನ್ ಥರ್ಮಲ್, ಅದರ ಜುಂಗು ಹೋಗಿ ಭುಜದ ವಾಲ್ವ್‌ನಲ್ಲಿ ಕೂರುತ್ತಿತ್ತು.

ಶರಾವತಿ ಕಡವು (ಆಬರ್ಡೀನ್)

ಹುಬ್ಬಳ್ಳಿ ತಂಗಿ ಅರ್ಧ ಕೆಲಸ ಮಾಡಿಕೊಟ್ಟಿದ್ದಾರೆ. ಉಳಿದದ್ದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದು.

ಎದೆ ವಾಲ್ವ್ ಸರ್ವಿಸ್‌ಗೆ ಹೋಗಲಿ. ಕೊಬ್ಬರಿ ಎಣ್ಣೆ ಹಾಕಿದ್ದೇನೆ ಅಂತ ಚೀಟಿ ಬರೆದು ಇಡು. ನಾಚಿಕೆ ಬೇಡ, ಅವರು ಇದಕ್ಕಿಂತ ದೊಡ್ಡದು ನೋಡಿರುತ್ತಾರೆ. ಅದು ವಾಪಸ್ ಬರುವ ತನಕ ಆ ಸೂಟ್‌ನಲ್ಲಿ ನೀರಿಗೆ ಇಳಿಯಬೇಡ.

ಭುಜದ ವಾಲ್ವ್ ಈಗ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಹೆದರಿಕೆ ಇಲ್ಲ. ನಿನಗೆ ಸೈಕಲ್ ಗೊತ್ತಲ್ಲ. ವಾಲ್ವ್ ಟ್ಯೂಬ್ ಏನು ಮಾಡುತ್ತದೆ? ಗಾಳಿಯನ್ನು ಒಂದೇ ಕಡೆ ಬಿಡುತ್ತದೆ. ಇಲ್ಲೂ ಅದೇ, ದಿಕ್ಕು ಮಾತ್ರ ಉಲ್ಟಾ. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನ ನೀರು ಒಳಗೆ ಬರಬಾರದು. ಅದಕ್ಕೆ ಒಂದು ತೆಳು ಸಿಲಿಕೋನ್ ಪೊರೆ ಇದೆ, ಗುಂಡಗೆ, ಹಪ್ಪಳದ ಹಾಗೆ. ಅದರ ಮೇಲೆ ಸ್ಪ್ರಿಂಗ್ ಒತ್ತುತ್ತದೆ. ಹೊರಗಿನ ಮುಚ್ಚಳ ತಿರುಗಿಸಿದರೆ ಸ್ಪ್ರಿಂಗ್ ಬಿಗಿ ಆಗುತ್ತದೆ ಅಥವಾ ಸಡಿಲ ಆಗುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ.

ಆ ಪೊರೆ ತನ್ನ ಅಂಚಿನ ಮೇಲೆ ಸಪಾಟಾಗಿ ಕೂರಬೇಕು. ಒಂದು ಕೂದಲು, ಒಂದು ಮರಳಿನ ಕಾಳು, ಒಂದು ಉಲನ್ ಎಳೆ ಅಡ್ಡ ಬಂದರೆ ಮುಗಿಯಿತು, ನೀರಿಗೆ ದಾರಿ ಆಯಿತು. ವಾಲ್ವ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದವುಗಳಲ್ಲಿ ಜಾಸ್ತಿ ನಾನು ಕಂಡದ್ದು ಇದನ್ನೇ. ಕೆಟ್ಟಿರುವುದಿಲ್ಲ, ಕಸ ಇರುತ್ತದೆ. ನಿನ್ನದರಲ್ಲಿ ಎಣ್ಣೆಯೂ ಇದೆ, ಅಂದರೆ ಕಸಕ್ಕೆ ಗೋಂದು ಹಾಕಿ ಕೊಟ್ಟ ಹಾಗೆ.

ಬಿಚ್ಚುವ ಮೊದಲು ನೆನೆಸು. ಬಕೆಟ್‌ನಲ್ಲಿ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ. ಸೂಟಿನ ಆ ತೋಳು ಮಾತ್ರ ಮುಳುಗಿಸಿ ಒಂದು ಗಂಟೆ ಬಿಡು. ಕುದಿ ನೀರು ಬೇಡ. ಆಮೇಲೆ ವಾಲ್ವ್ ಪೂರ್ತಿ ತೆರೆದು ಒಳಗಡೆಯಿಂದ ನಲ್ಲಿ ನೀರು ಹಾಯಿಸು, ಮಧ್ಯೆ ಮಧ್ಯೆ ಮುಚ್ಚಳ ಒತ್ತಿ ಬಿಡು. ಕಸ ನೀರಿನ ಜೊತೆ ಹೊರಗೆ ಹೋಗಲಿ. ಹೊರಗಡೆಯಿಂದ ನೀರು ರಭಸವಾಗಿ ಹೊಡೆದರೆ ಕಸ ಮತ್ತೆ ಒಳಗೇ. ಕೊನೆಗೆ ಸೋಪು ಹೋಗುವ ತನಕ ಬರೀ ನೀರು. ಎಷ್ಟೋ ಸಲ ಇಷ್ಟಕ್ಕೇ ಗುಣ ಆಗುತ್ತದೆ.

ಆಮೇಲೆ ಇನ್ನೊಂದು ನೋಡು. ವಾಲ್ವ್ ಎರಡು ಭಾಗ, ಒಂದು ಹೊರಗೆ, ಒಂದು ಒಳಗೆ, ಮಧ್ಯೆ ಬಟ್ಟೆ. ಎರಡನ್ನೂ ತಿರುಪಿ ಕಚ್ಚಿಸಿರುತ್ತಾರೆ. ಕಾಲಕ್ರಮೇಣ ಬಟ್ಟೆ ಅಮುಕಿ ಸಡಿಲ ಆಗುತ್ತದೆ. ಒಳಗಿನ ಭಾಗವನ್ನು ಹಿಡಿದು ಹೊರಗಿನ ಬುಡವನ್ನು ತಿರುಗಿಸಿ ನೋಡು, ಸುಮ್ನೆ ತಿರುಗಿದರೆ ನೀರು ವಾಲ್ವ್ ಒಳಗಿಂದ ಅಲ್ಲ, ಅದರ ಸುತ್ತಲಿಂದ ಬರುತ್ತಿದೆ. ಕೈಯಲ್ಲೇ ಬಿಗಿ ಮಾಡು. ಇಕ್ಕಳ ಹಾಕಬೇಡ, ಪ್ಲಾಸ್ಟಿಕ್ ಥ್ರೆಡ್ ಹೋಗುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಕೂಡ ಇಲ್ಲಿಗಲ್ಲ.

ಇನ್ನು ನಿನಗೆ ಇಷ್ಟವಾದ ಕೆಲಸ, ಗುಳ್ಳೆ ನೋಡುವುದು. ಕೈ ಸೀಲ್‌ಗಳಿಗೆ ಎರಡು ಖಾಲಿ ಬಾಟ್ಲಿ, ಕುತ್ತಿಗೆಗೆ ಒಂದು ಫುಟ್‌ಬಾಲ್ ತುರುಕು. ಭುಜದ ವಾಲ್ವ್ ಪೂರ್ತಿ ಮುಚ್ಚು. ಗಾಳಿ ತುಂಬು, ಗಟ್ಟಿ ದಿಂಬಿನಷ್ಟು ಸಾಕು. ಸ್ಪಂಜಿನಲ್ಲಿ ಸೋಪು ನೀರು ಸವರಿಕೊಂಡು ಹೋಗು. ಇಲ್ಲೊಂದು ಮೋಸ ಇದೆ: ಮುಚ್ಚಿದರೂ ಭುಜದ ವಾಲ್ವ್ ಒತ್ತಡ ಜಾಸ್ತಿ ಆದರೆ ಗಾಳಿ ಬಿಡುತ್ತದೆ. ಅದು ಅದರ ಕೆಲಸ. ಅದರ ಬಾಯಲ್ಲಿ ಗುಳ್ಳೆ ಬಂದರೆ ಸೋರಿಕೆ ಅಂತ ಬರೆದುಕೊಳ್ಳಬೇಡ. ಬುಡದ ಸುತ್ತ ಬಂದರೆ ಮಾತ್ರ ಸೋರಿಕೆ.

ಪೊರೆ ಸರಿ ಇದೆಯಾ ಅಂತ ನೋಡಲು ಬೇರೆ ಉಪಾಯ. ವಾಲ್ವ್ ಬಿಚ್ಚಿ ತೆಗೆದ ಮೇಲೆ ಒಳಮುಖಕ್ಕೆ ಬಾಯಿ ಇಟ್ಟು ಎಳೆ. ನಾಲಿಗೆ ಕಚ್ಚಿ ಹಿಡಿದ ಹಾಗೆ ಆದರೆ ಸರಿ ಇದೆ. ಗಾಳಿ ಸುಯ್ ಅಂತ ಬಂದರೆ ನೀರೂ ಬರುತ್ತದೆ. ಮೊದಲು ತೊಳೆದುಕೋ, ಯಾರದೋ ಹಳೇ ಸೂಟ್ ಅದು.

ಬಿಚ್ಚುವುದೂ ಇಷ್ಟೇ, ಬುಡದ ತಿರುಪು ಬಿಚ್ಚಿ ಹೊರಗೆ ತೆಗೆ. ಅದರ ಮುಂದೆ ತಯಾರಕರ ಕೈಪಿಡಿಯಲ್ಲಿ ಬಿಚ್ಚಿ ಅಂತ ಇದ್ದರೆ ಮಾತ್ರ ಬಿಚ್ಚು. ಕೆಲವು ಬಿಚ್ಚಲೆಂದೇ ಮಾಡಿದವಲ್ಲ, ಹೊಸದೇ ಹಾಕಬೇಕು. ತೆಗೆಯುವ ಮೊದಲು ಫೋಟೋ ತೆಗೆ, ವಾಷರ್ ಯಾವ ಕಡೆ ಇತ್ತು ಅಂತ ಆಮೇಲೆ ಜಗಳ ಬೇಡ. ಓ-ರಿಂಗ್ ಇದ್ದರೆ ಸಿಲಿಕೋನ್ ಗ್ರೀಸ್, ಹೊಳಪು ಬರುವಷ್ಟು ಮಾತ್ರ. ಪೊರೆಗೆ ಏನೂ ಹಚ್ಚಬೇಡ, ಒಣಗಿರಲಿ. ಸಿಲಿಕೋನ್ ಸ್ಪ್ರೇ ಬಗ್ಗೆ ಯಾರಾದರೂ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಅದು ಬಟ್ಟೆ ಮೇಲೆ ಬಿದ್ದ ಜಾಗಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ, ಸೀಲ್ ಬದಲಾಯಿಸುವಾಗ ಅಳಬೇಕಾಗುತ್ತದೆ.

ಕೊನೆಗೆ ಒಂದು ಅನುಮಾನ, ತಪ್ಪು ತಿಳಿಯಬೇಡ. ಹೊಸಬರು ಗಾಳಿ ಬಿಡಲು ಕೈ ಎತ್ತುತ್ತಾರೆ, ಗಾಳಿ ಮುಗಿದ ಮೇಲೂ ಎತ್ತಿಯೇ ಇರುತ್ತಾರೆ. ವಾಲ್ವ್ ತೆರೆದಿದೆ, ಒಳಗೆ ಬಿಡಲು ಗಾಳಿ ಇಲ್ಲ, ಪೊರೆ ಪಟಪಟ ಅಂತ ಇರುತ್ತದೆ, ಒಂದೊಂದು ಗುಟುಕು ನೀರು ಒಳಗೆ. ಅದಕ್ಕೆ ರಿಪೇರಿ ಇಲ್ಲ. ಗುಳ್ಳೆ ನಿಂತ ಕೂಡಲೇ ಕೈ ಇಳಿಸಬೇಕು.

ನೇತ್ರಾಣಿ ಬಬಲ್ಸ್ (ಮುರುಡೇಶ್ವರ)

ನಾವು ಬಿಸಿಡಿ, ಅಂದರೆ ತೇಲಲು ಗಾಳಿ ತುಂಬುವ ಜಾಕೆಟ್‌ನ ಬಟನ್ ಕೂಡ ದಿನಾ ಸಂಜೆ ಡ್ರಮ್‌ನಲ್ಲಿ ಮುಳುಗಿಸುತ್ತೇವೆ, ಅಲ್ಲೂ ಉಪ್ಪಿನದ್ದೇ ಕಾಟ. ಆದರೆ ಡ್ರೈಸೂಟ್ ಬಟನ್ ನೀರಲ್ಲಿಟ್ಟು ಒತ್ತಿದರೆ ನೀರು ಸೂಟ್ ಒಳಗೇ ಹೋಗುವುದಿಲ್ಲವಾ ಅಣ್ಣ?

ಶರಾವತಿ ಕಡವು (ಆಬರ್ಡೀನ್)

ಹೋಗುತ್ತದೆ. ಅದಕ್ಕೇ ಪೈಪ್ ಸಿಕ್ಕಿಸಿ, ಸಿಲಿಂಡರ್ ತೆರೆದು, ಗಾಳಿ ಇರುವಾಗಲೇ ತೊಳೆಯುವುದು. ಒತ್ತಿದಾಗ ಗಾಳಿ ಹೋಗುತ್ತದೆ, ನೀರಲ್ಲ. ಪೈಪ್ ತೆಗೆದ ಮೇಲೆ ಆ ಮೂತಿಗೆ ಕ್ಯಾಪ್ ಹಾಕು, ಕಾರಿನ ಡಿಕ್ಕಿಯ ಮರಳೆಲ್ಲ ಅಲ್ಲೇ ಹೋಗಿ ಕೂರುತ್ತದೆ. ಸ್ಕಾಪಾ ಆದ ಮೇಲೆ ನಾನು ಊಟಕ್ಕಿಂತ ಮೊದಲು ಇದನ್ನು ಮಾಡುತ್ತೇನೆ.

ಉಕ್ಕಿನೂರ ಹುಡುಗ (ಲೆಸ್ಟರ್)

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಎದೆ ವಾಲ್ವ್ ಚೀಟಿ ಸಮೇತ ಕಳಿಸಿದೆ. ಅಲ್ಲಿನವರು ಫೋನ್ ಮಾಡಿ "ಕೊಕೊನಟ್?" ಅಂತ ಎರಡು ಸಲ ಕೇಳಿದರು. ಸ್ಪ್ರಿಂಗ್, ಓ-ರಿಂಗ್ ಬದಲಾಗಿ ಬಂತು.

ಭುಜದ್ದನ್ನು ಅಣ್ಣ ಹೇಳಿದ ಹಾಗೆ ನೆನೆಸಿದೆ. ನೀರಿನ ಮೇಲೆ ಎಣ್ಣೆ ಕಣ್ಣು ಕಣ್ಣಾಗಿ ತೇಲಿತು, ಸಾರಿನ ಮೇಲೆ ತೇಲುತ್ತಲ್ಲ ಹಾಗೆ. ಬಾಯಿ ಇಟ್ಟು ಎಳೆದರೆ ಸುಯ್ ಅಂತು. ನನ್ನದು ಬಿಚ್ಚುವ ಮಾದರಿಯೇ, ಕೈಪಿಡಿಯಲ್ಲಿ ಚಿತ್ರ ಇತ್ತು. ಪೊರೆಯ ಅಂಚಿನಲ್ಲಿ ಒಂದು ನೀಲಿ ಎಳೆ, ಉಗುರಿನಷ್ಟೂ ಇಲ್ಲ. ನನ್ನ ಒಳ ಉಡುಪಿನ ಬಣ್ಣ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕೂರಿಸಿ ಮತ್ತೆ ಎಳೆದೆ, ನಾಲಿಗೆ ಹಿಡಿದುಕೊಂಡಿತು. ಊರಿಗೆ ವಿಡಿಯೋ ಕಾಲ್ ಮಾಡಿ ಫುಟ್‌ಬಾಲ್ ತುರುಕಿದ ಸೂಟ್ ತೋರಿಸಿದೆ. ಅಪ್ಪ ಬೆರಳು ಸ್ಕ್ರೀನಿಗೆ ತಾಗಿಸಿ, "ಅಲ್ಲಿ ನೋಡು, ಆ ಬುಡದಲ್ಲಿ" ಅಂದರು. ನಿಜಕ್ಕೂ ಬುಡದಲ್ಲಿ ಸಣ್ಣಗೆ ಗುಳ್ಳೆ ಇತ್ತು. ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು.

ಗ್ಲೌಸ್ ಹಾಕಿಕೊಂಡು ಪೈಪ್ ಕೀಳುವುದನ್ನು ಸೋಫಾ ಮೇಲೆ ಕೂತು ಐವತ್ತು ಸಲ ಮಾಡಿದ್ದೇನೆ. ಹೆಂಡತಿಗೆ ಲೆಕ್ಕ ಗೊತ್ತು.

ನಿನ್ನೆ ಸ್ಟೋನಿ ಕೋವ್, 20 ಮೀಟರ್, 45 ನಿಮಿಷ. ಭುಜ, ಪಕ್ಕೆ ಒಣ! ಆದರೆ ಎಡ ಮಣಿಕಟ್ಟಿನ ಹತ್ತಿರ ಅಂಗೈ ಅಗಲ ಒದ್ದೆ. ಇದೂ ವಾಲ್ವ್‌ನದ್ದಾ?

ಶರಾವತಿ ಕಡವು (ಆಬರ್ಡೀನ್)

ಅದು ನಿನ್ನ ಕೈಯದ್ದು. ಮುಷ್ಟಿ ಕಟ್ಟಿ ಮಣಿಕಟ್ಟು ನೋಡಿಕೋ. ಎರಡು ನರ ಎದ್ದು ಮಧ್ಯೆ ಕಾಲುವೆ ಆಗುತ್ತದಲ್ಲ, ಟಾರ್ಚ್ ಗಟ್ಟಿ ಹಿಡಿದಾಗೆಲ್ಲ ನೀರು ಅಲ್ಲಿಂದ ನುಗ್ಗುತ್ತದೆ. ಸೀಲ್ ಸ್ವಲ್ಪ ಮೇಲಕ್ಕೆ, ತೋಳು ದುಂಡಗಿರುವ ಕಡೆ ಏರಿಸಿ ಹಾಕು. ಟಾರ್ಚ್ ಬಲಗೈಗೆ ಬದಲಾಯಿಸಿ ನೋಡು.

ಆ ಸೀಲ್ ಮುಟ್ಟಿದರೆ ಬೆರಳಿಗೆ ಅಂಟುತ್ತದೆಯಾ? ಎಣ್ಣೆ ಅಲ್ಲಿಗೂ ಹೋಗಿದ್ದರೆ ಹೊಸದು ತರಿಸು. ತಂದ ಮೇಲೆ ನಿನ್ನ ಕೈ ಅಳತೆಗೆ ಕತ್ತರಿ ಹಾಕುವ ಮೊದಲು ಇಲ್ಲೊಂದು ಸಾಲು ಬರೆ, ಎಷ್ಟು ಕತ್ತರಿಸಬೇಕು ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ.